ಚಿಕ್ಕದನ್ನು ಕಳಿಸು

ಶಿಲ್ಲಾಂಗ್
೧೪ ಮಾರ್ಚ್ ೧೯೯೪

ನೊನೊ ಸಿಲ್ಚಿಗೆ,

ನಮ್ಮ ಅಮಾಳನ್ನು ಮಣ್ಣು ಮಾಡಿ ಬಾಗ್ಮಾರಾದಿಂದ ಬಂದವಳು, ವರ್ಷವಾಗುತ್ತ ಬಂದರೂ ಒಂದು ಸಾಲು ಬರೆಯಲಿಲ್ಲ. ಮೊದಲು ಬೈದುಕೋ, ಆಮೇಲೆ ಮುಂದಕ್ಕೆ ಓದು.

ಅವತ್ತು ನೀನು ಕುಂಡದಲ್ಲಿಟ್ಟು ಕೊಟ್ಟ ಎರಡು ಮೆಮಾಂಗ್ ಕೊಕ್ಸಿ ಗಿಡಗಳೂ ಬದುಕಿವೆ. ಜಗಲಿಯ ಅಂಚಿನಲ್ಲಿ ಇಟ್ಟಿದ್ದೇನೆ. ಪಕ್ಕದ ಮನೆಯ ಖಾಸಿ ಹೆಂಗಸು ಕಾಂಗ್ ಡ್ರಿಸಿಲ್ಲಾ ನೋಡಿ, “ಇದು ಹುಳ ತಿನ್ನೋ ರಾಕ್ಷಸ ಹೂವು ಕಣೇ, ನಮ್ಮೋರು ಮನೇಲಿ ಇಡಲ್ಲ” ಅಂದಳು. “ನಾವು ದೆವ್ವದ ಬುಟ್ಟಿ ಅಂತೀವಿ, ಆದ್ರೂ ಇಡ್ತೀವಿ” ಅಂದೆ. ಆಮೇಲಿಂದ ಅವಳು ನಮ್ಮ ಜಗಲಿಯ ಕಡೆ ಮುಖ ಮಾಡಿ ಬಟ್ಟೆ ಒಣಹಾಕುವುದಿಲ್ಲ.

ದೊಡ್ಡದು ಅಮಾಳ ಗಿಡದಿಂದ ಕಡಿದ ಕೊಂಬೆ ತಾನೆ? ಅದಕ್ಕೆ ನಿನ್ನ ಭಾವ ಹೊಲೆಂದ್ರೊ ಪ್ರೀತಿ ಹೆಚ್ಚಾಗಿ ಸಗಣಿ ಗೊಬ್ಬರ ಹಾಕಿದ. ಮೊಳದುದ್ದ ಎಲೆ ಬಿಟ್ಟಿದೆ, ಹುಳ ಹಿಡಿಯುವ ಬುಟ್ಟಿ ಒಂದೂ ಇಲ್ಲ. ಹೊಟ್ಟೆ ತುಂಬಿದ್ದಕ್ಕೆ ಬೇಟೆ ಯಾಕೆ? ನಮ್ಮಪ್ಪ ನದಿಯಾಚೆಯ ದಿಬ್ಬದಿಂದ ಕಿತ್ತು ತಂದಿದ್ದ ಚಿಕ್ಕದೇ ವಾಸಿ, ಎಲೆಯ ತುದಿ ತುದಿಗೆ ಬುಟ್ಟಿ ಕಟ್ಟಿಕೊಂಡು ನಿಂತಿದೆ. ಮಕ್ಕಳು ಅದಕ್ಕೆ ಒಣಮೀನು ತಿನ್ನಿಸಿ ಎರಡು ಬುಟ್ಟಿ ಕೊಳೆಸಿದರು. ನಾತ ತಡೆಯಲಾಗಲಿಲ್ಲ.

ಮಕ್ಕಳಲ್ಲಿ ದೊಡ್ಡದು ಬ್ರೆಂಡಾ ಈಗ ಹತ್ತನೆಯ ತರಗತಿ. ಚಿಕ್ಕದು ಸೆಂಗ್ಮೆಗೆ ಹನ್ನೆರಡು ತುಂಬಿತು. ಚಳಿಗಾಲವಿಡೀ ಕೆಮ್ಮು. ಶಿಲ್ಲಾಂಗಿನ ಚಳಿ ಅವಳಿಗೆ ಒಗ್ಗುವುದಿಲ್ಲ.

ವಿಲ್ಬರ್ತ್ ಮಾಮಾ ಆಸ್ಪತ್ರೆಗೆಂದು ಬಂದವರು ನಮ್ಮಲ್ಲೇ ಉಳಿದಿದ್ದರು. ಸೆಂಗ್ಮೆಯ ತಲೆ ಸವರಿ, “ನಿಮ್ಮಮ್ಮನ ಪಡಿಯಚ್ಚು. ಹೆಣ್ಣುಮಗು ಇಲ್ಲದ ಆ ಬಾಗ್ಮಾರಾ ಮನೆ ಒಲೆ ನಾಳೆ ಯಾರು ಹಚ್ಚಬೇಕು, ಹೇಳು” ಎಂದರು. ಇನ್ನೂ ಏನೇನೋ ಎಂದರು. ಅದನ್ನೆಲ್ಲ ಬರೆಯುವುದು ಬೇಡ.

ನಿನ್ನ ಆರೋಗ್ಯ ಹೇಗಿದೆ? ತುರಾದ ಡಾಕ್ಟರು ಏನಂದರು?

ನಿನ್ನ ಅಕ್ಕ,
ಕ್ಲಾರಿಂದಾ

•

ಬಾಗ್ಮಾರಾ
೯ ಏಪ್ರಿಲ್ ೧೯೯೪

ಅಬಿ,

ಲಾರಿ ಓಡಿಸುವ ನೊಬಿನ್ ಗೋಡಂಬಿ ಮೂಟೆ ಹೇರಿಕೊಂಡು ನಿಮ್ಮ ಕಡೆ ಹೊರಟಿದ್ದಾನೆ. ಅಂಚೆಗಿಂತ ಬೇಗ ಸಿಗಲಿ ಎಂದು ಈ ಕಾಗದ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಚಿಕ್ಕ ಗಿಡ ಬದುಕಿದೆ ಎಂದು ಓದಿ ನನಗಾದ ಸಂತೋಷ ನಿನಗೆ ಅರ್ಥವಾಗಲಿಕ್ಕಿಲ್ಲ. ಯಾಕೆಂದು ಹೇಳುತ್ತೇನೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಮಾಳ ಗಿಡ ಇದೆಯಲ್ಲ, ಅದು ಪ್ರತಿವರ್ಷ ಹೂವಿನ ಕಡ್ಡಿ ಬಿಡುತ್ತದೆ, ಕಡ್ಡಿ ಕಪ್ಪಾಗಿ ಉದುರುತ್ತದೆ, ಒಂದು ಬೀಜವೂ ಕಟ್ಟುವುದಿಲ್ಲ. ಅರಣ್ಯ ಇಲಾಖೆಯ ಸಸಿತೋಟಕ್ಕೆ ಬಂದಿರುವ ಹೊಸ ಮೇಡಂ ಮೊನ್ನೆ ನೋಡಿ ನಕ್ಕರು. ಪರಂಗಿಯ ಹಾಗೆ ಇದರಲ್ಲೂ ಗಂಡುಗಿಡವೇ ಬೇರೆ, ಹೆಣ್ಣುಗಿಡವೇ ಬೇರೆಯಂತೆ. ನಮ್ಮ ಅಂಗಳದಲ್ಲಿ ಇರುವುದೆಲ್ಲ ಒಂದೇ ತಾಯಿಯ ಕೊಂಬೆ, ಎಲ್ಲವೂ ಹೆಣ್ಣು.

ಗಂಡುಗಿಡ ಇದ್ದದ್ದು ನದಿಯಾಚೆಯ ದಿಬ್ಬದಲ್ಲಿ. ರಸ್ತೆ ಅಗಲ ಮಾಡಲು ಆ ದಿಬ್ಬವನ್ನು ಪೂರ್ತಿ ಕಡಿದು ಹಾಕಿದರು ಅಬಿ. ಉಳಿದಿರುವುದು ನಿನ್ನ ಜಗಲಿಯ ಚಿಕ್ಕದು ಮಾತ್ರ. ಅದು ಇಲ್ಲಿದ್ದಾಗ ಒಮ್ಮೆ ಹೂ ಬಿಟ್ಟಿತ್ತು, ಅಮಾ ಗೋಡೆಗೆ ಅಂಟಿದ ಹಳದಿ ಹುಡಿ ಒರೆಸುತ್ತ ಬೈದಿದ್ದಳು. ಅದೇ ಗಂಡು.

ಅಮಾಳ ಗಿಡದ ಬುಡ ಕಟ್ಟಿಗೆಯಂತಾಗಿದೆ. ಕೊಂಬೆ ಕಡಿದು ನೆಟ್ಟರೆ ಕೊಳೆಯುತ್ತಿದೆ. ಕಣ್ಣುರಿಗೆಂದು ಬಾಯಿ ತೆರೆಯದ ಬುಟ್ಟಿಯ ನೀರು ಕೇಳಿಕೊಂಡು ಈಗಲೂ ಜನ ಬಾಗಿಲಿಗೆ ಬರುತ್ತಾರೆ. ಇದು ನನ್ನ ಕೈಯಲ್ಲಿ ಮುಗಿದುಹೋಗಬಾರದು. ಆ ಚಿಕ್ಕ ಕುಂಡವನ್ನು ನನಗೆ ಕಳಿಸಿಕೊಡುತ್ತೀಯಾ?

ಡಾಕ್ಟರು ವಿಶೇಷವೇನೂ ಹೇಳಲಿಲ್ಲ.

ನಿನ್ನ ತಂಗಿ,
ಸಿಲ್ಚಿ

•

ಬಾಗ್ಮಾರಾ
೨೫ ಏಪ್ರಿಲ್ ೧೯೯೪

ಅಬಿ,

ಇದನ್ನು ಅವಸರದಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದೇನೆ. ನೊಬಿನ್ ಕೈಯಲ್ಲಿ ಕಳಿಸಿದ್ದು ಇಷ್ಟರಲ್ಲಿ ತಲುಪಿರಬೇಕು. ಅದರಲ್ಲಿ ಎಲ್ಲ ವಿವರವಾಗಿ ಬರೆದಿದ್ದೇನೆ, ಮತ್ತೆ ಮತ್ತೆ ಕೇಳಲು ನಾಚಿಕೆಯಾಗುತ್ತದೆ. ಆದರೆ ಇನ್ನು ತಡಮಾಡುವ ಹಾಗಿಲ್ಲ. ಈ ಮಳೆಗಾಲ ತಪ್ಪಿದರೆ ಮತ್ತೆ ಅವಕಾಶ ಸಿಗುತ್ತದೋ ಇಲ್ಲವೋ.

ನಿನ್ನ ಹತ್ತಿರ ಎರಡಿವೆ. ದೊಡ್ಡದು ನಿನ್ನಲ್ಲೇ ಇರಲಿ, ಚಿಕ್ಕದನ್ನು ಕಳಿಸು. ಅಲ್ಲಿನ ಚಳಿ ಅದಕ್ಕೆ ಆಗುವುದಿಲ್ಲ, ಇಲ್ಲಿ ಚೆನ್ನಾಗಿ ಬೆಳೆಯುತ್ತದೆ. ಹಿತ್ತಲಿನ ಪೂರ್ವದ ಬದಿ ಅದಕ್ಕೆಂದೇ ಜಾಗ ಮಾಡಿದ್ದೇನೆ. ನನ್ನ ಗಂಡ ತೆಂಗ್ಟನ್ ಕೂಡ, “ನಿಮ್ಮಕ್ಕ ಇಲ್ಲ ಅನ್ನಲ್ಲ ಬಿಡು. ತಾಯಿ ಮನೇದು ತಾಯಿ ಮನೆಗೇ ಬರುತ್ತಲ್ಲ” ಎಂದ. ನಮ್ಮ ಮನೆ ಮುಂದುವರಿಯುವುದು ಈಗ ನಿನ್ನ ಕೈಯಲ್ಲಿದೆ.

ಸಿಲ್ಚಿ

•

ಶಿಲ್ಲಾಂಗ್
೨೦ ಮೇ ೧೯೯೪

ಸಿಲ್ಚಿಗೆ,

ನಿನ್ನ ಕಾಗದ ತಲುಪಿತು. ನೊಬಿನ್ ಯಾರೆಂದು ನನಗೆ ಗೊತ್ತಿಲ್ಲ, ಅವನ ಕೈಯಿಂದ ಏನೂ ಬಂದಿಲ್ಲ. ವಿವರ ಬೇಕಾಗಿಯೂ ಇಲ್ಲ. ಮಾಮಾ ಬಂದಾಗಲೇ ನನಗೆ ಅರ್ಥವಾಗಿತ್ತು. ನೀನೇ ಅವರನ್ನು ಮುಂದೆ ಬಿಟ್ಟೆಯೋ, ಅವರಾಗಿಯೇ ಬಂದರೋ ಎಂಬುದಷ್ಟೇ ಅರ್ಥವಾಗಿಲ್ಲ.

ನೀನು ಕೇಳಿರುವುದು ಸಣ್ಣ ವಿಷಯವಲ್ಲ. ಹೊಲೆಂದ್ರೊಗೆ ಹೇಳಿದೆ. ಅವನು ಊಟದ ತಟ್ಟೆ ಬಿಟ್ಟು ಎದ್ದು ಹೋದ. ಮಾರನೆಯ ದಿನ, “ನನ್ನನ್ನ ಯಾಕೆ ಕೇಳ್ತೀಯ? ಎಲ್ಲಾ ನಿಮ್ಮ ಕುಲದ್ದು. ನಾನು ನೀರು ಹಾಕೋನು ಅಷ್ಟೇ” ಎಂದ. ಅಲ್ಲಿಂದ ನಮ್ಮಿಬ್ಬರಲ್ಲಿ ಮಾತಿಲ್ಲ.

ಅದು ಇಲ್ಲದ ಜಗಲಿಯನ್ನು ನಾನು ಹೇಗೆ ನೋಡಲಿ ಎಂದು ನೀನು ಒಂದು ಕ್ಷಣ ಯೋಚಿಸಿದೆಯಾ? ಕೊಡುವುದಿಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ. ಕೊಡುತ್ತೇನೆ ಎಂದು ಬರೆಯಲಂತೂ ಆಗುವುದೇ ಇಲ್ಲ. ಸ್ವಲ್ಪ ಸಮಯ ಕೊಡು.

ಕ್ಲಾರಿಂದಾ

•

ಬಾಗ್ಮಾರಾ
೯ ಜೂನ್ ೧೯೯೪

ಅಬಿ,

ನಿನ್ನ ಕಾಗದವನ್ನು ನಾನೂ ತೆಂಗ್ಟನ್ನೂ ಮೂರು ಸಲ ಓದಿದೆವು. ಭಾವ ಅದನ್ನು ಇಷ್ಟೊಂದು ಹಚ್ಚಿಕೊಂಡಿದ್ದಾನೆಂದು ನಮಗೆ ಗೊತ್ತಿರಲಿಲ್ಲ. ಗಂಡ ಹೆಂಡತಿ ಮಾತು ಬಿಡುವಷ್ಟು ದೊಡ್ಡ ವಿಷಯವೇ ಇದು? ಮಾಮಾ ಇದರಲ್ಲಿ ಎಲ್ಲಿಂದ ಬಂದರು? ಅವರಿಗೆ ಇದು ಗೊತ್ತೇ ಇಲ್ಲ.

ಬೇಸರ ಮಾಡಿಕೊಳ್ಳಬೇಡ. ಶಾಶ್ವತವಾಗಿ ಕೊಡಲು ಮನಸ್ಸಿಲ್ಲದಿದ್ದರೆ ನಾಲ್ಕು ತಿಂಗಳ ಮಟ್ಟಿಗೆ ಕೊಡು. ನನ್ನ ಕೆಲಸ ಮುಗಿದ ಮೇಲೆ ಹಿಂದಕ್ಕೆ ಕಳಿಸುತ್ತೇನೆ. ಬರಿಗೈಯಲ್ಲಿ ಕೇಳುತ್ತಿಲ್ಲ. ನಮ್ಮ ಹಂದಿ ಏಳು ಮರಿ ಹಾಕಿದೆ. ಅದರಲ್ಲಿ ಒಳ್ಳೆಯ ಕಪ್ಪು ಮರಿಯೊಂದನ್ನು ಬದಲಿಗೆ ಕಳಿಸೋಣ ಎಂದು ತೆಂಗ್ಟನ್ ಹೇಳುತ್ತಿದ್ದಾನೆ. ಭಾವನ ಸಿಟ್ಟು ಅದರಿಂದಲಾದರೂ ಇಳಿದೀತು.

ಬೇಗ ಉತ್ತರ ಬರೆ. ಇಲ್ಲಿ ಮಳೆ ಶುರುವಾಗಿದೆ.

ಸಿಲ್ಚಿ

•

ಶಿಲ್ಲಾಂಗ್
೩೦ ಜೂನ್ ೧೯೯೪

ಸಿಲ್ಚಿ,

ಹಂದಿಮರಿಯ ಮಾತು ಬರೆದದ್ದು ನೀನೇ ಹೌದೋ ಅಲ್ಲವೋ ಎಂದು ಅಕ್ಷರಗಳನ್ನು ಹಿಡಿದು ಹಿಡಿದು ನೋಡಿದೆ. ನಿನ್ನ ಅಕ್ಷರವೇ.

ಹನ್ನೆರಡು ವರ್ಷದ ಮಗಳ ಬದಲಿಗೆ ಹಂದಿಮರಿ. ಅದೂ ನಾಲ್ಕು ತಿಂಗಳಿಗೆ, ಕೆಲಸ ಮುಗಿದ ಮೇಲೆ ವಾಪಸ್ಸು. ಯಾವ ಕೆಲಸ? ಊರಿನವರ ಮುಂದೆ ಮನೆಯಲ್ಲಿ ಒಂದು ಹೆಣ್ಣುಮಗು ತೋರಿಸುವ ಕೆಲಸವೇ? ತಾಯಿಯ ಮನೆ ಹಿಡಿದ ಮನೆಮಗಳಿಗೆ ಹೆಣ್ಣು ಹುಟ್ಟದಿದ್ದರೆ ಅಕ್ಕನ ಮಗಳನ್ನು ತಂದು ಕೂರಿಸುವುದು ನಮ್ಮಲ್ಲಿ ಹೊಸದಲ್ಲ, ನನಗೂ ಗೊತ್ತು. ಆದರೆ ಅದನ್ನು ಕೇಳುವುದಕ್ಕೊಂದು ರೀತಿ ಇದೆ. ಎದುರು ಬಂದು ಕೂತು, ಕೈ ಹಿಡಿದು ಕೇಳುತ್ತಾರೆ. ‘ಚಿಕ್ಕದನ್ನು ಕಳಿಸು’ ಎಂದು ಅಂಚೆಯಲ್ಲಿ ಬರೆಯುವುದಿಲ್ಲ.

ಅಮಾ ನಿನ್ನನ್ನು ಮನೆಮಗಳು ಮಾಡಿದಾಗ ನಾನು ಬಾಯಿ ಬಿಡಲಿಲ್ಲ. ಮನೆ ನಿನಗೆ, ತೋಟ ನಿನಗೆ, ಅಮಾಳ ಕೊನೆಯ ಮಾತುಗಳೂ ನಿನಗೆ. ನಾನು ಎರಡು ಕುಂಡ ಹಿಡಿದುಕೊಂಡು ಬಸ್ಸು ಹತ್ತಿದೆ. ಈಗ ಮಗುವೂ ನಿನಗೇ ಬೇಕೆ?

ಸೆಂಗ್ಮೆಯನ್ನು ನಾನು ಕೊಡುವುದಿಲ್ಲ. ಇನ್ನು ಬರೆಯಬೇಡ.

ಕ್ಲಾರಿಂದಾ

•

ಶಿಲ್ಲಾಂಗ್
೨೨ ಆಗಸ್ಟ್ ೧೯೯೪

ನನ್ನ ನೊನೊ,

ಬರೆಯಬೇಡ ಎಂದವಳೇ ಬರೆಯುತ್ತಿದ್ದೇನೆ. ಜುಲೈ ಕಳೆಯಿತು, ಆಗಸ್ಟ್ ಮುಗಿಯುತ್ತ ಬಂತು, ನಿನ್ನಿಂದ ಒಂದು ಸಾಲಿಲ್ಲ. ಯಾಕೆಂದು ಈಗ ಗೊತ್ತಾಯಿತು.

ನಿನ್ನೆ ಬಾಗಿಲಿಗೆ ಒಬ್ಬ ಬಡಕಲು ಮನುಷ್ಯ ಬಂದ. “ಅಬಿ, ನಾನು ನೊಬಿನ್. ದಾರೀಲಿ ಮಲೇರಿಯಾ ಹಿಡೀತು. ಲಾರಿ ಬೇರೆಯವನು ತಗೊಂಡು ಹೋದ. ಈ ಅಂಗಿ ನಮ್ಮಮ್ಮನ ಮನೇಲೇ ಉಳ್ಕೊಂಡಿತ್ತು” ಎಂದು ಅಂಗಿಯ ಜೇಬಿನಿಂದ ಮಡಚಿ ಮಡಚಿ ಸವೆದುಹೋದ ಕಾಗದ ತೆಗೆದು ಕೊಟ್ಟ. ಏಪ್ರಿಲಿನದು. ನಿಂತಲ್ಲೇ ಓದಿದೆ. ಓದುತ್ತ ಓದುತ್ತ ಹೊಸ್ತಿಲ ಮೇಲೆ ಕೂತುಬಿಟ್ಟೆ. ಕಾಗದದಲ್ಲಿ ಕೆಟ್ಟ ಸುದ್ದಿ ಇದೆಯೆಂದು ಆ ಬಡಪಾಯಿ ಹೆದರಿ ನನಗೇ ನೀರು ತಂದುಕೊಟ್ಟ.

ಹೊಲೆಂದ್ರೊಗೆ ಓದಿ ಹೇಳಿದೆ. ಅವನು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಆ ಹಂದಿಮರಿ ತರಿಸಿಕೊಳ್ಳಬೇಕಿತ್ತು” ಎಂದ. ನನಗೆ ನಗು ಬರಲಿಲ್ಲ. ನಾನು ಬರೆದದ್ದನ್ನೆಲ್ಲ ನೀನು ಅಲ್ಲಿ ಒಬ್ಬಳೇ ಕೂತು ಓದಿರುತ್ತೀಯ.

ಚಿಕ್ಕ ಗಿಡ ಈಗ ಹೂ ಬಿಟ್ಟಿದೆ. ಈ ಮಳೆಯಲ್ಲಿ ಕುಂಡ ಕಳಿಸುವುದಕ್ಕಾಗುವುದಿಲ್ಲ, ಎಲ್ಲ ಕಡೆ ರಸ್ತೆ ಕುಸಿದಿದೆ. ಹಳದಿ ಹುಡಿಯನ್ನು ಕಾಗದಕ್ಕೆ ಕೊಡವಿ, ಪುಟ್ಟ ಪೊಟ್ಟಣ ಕಟ್ಟಿ ಇದರೊಳಗೆ ಇಟ್ಟಿದ್ದೇನೆ. ಗಾಳಿಗೆ ಬಿಡಿಸಬೇಡ. ನಿನ್ನ ಗಿಡದಲ್ಲಿ ಒಂದಾದರೂ ಹೂ ಉಳಿದಿರಲಿ ಎಂದು ಕೇಳಿಕೊಳ್ಳುತ್ತಿದ್ದೇನೆ.

ನನ್ನನ್ನು ಏನು ಬೇಕಾದರೂ ಅನ್ನು. ಆದರೆ ಬರೆ.

ಅಬಿ

•

ಬಾಗ್ಮಾರಾ
೧೮ ಸೆಪ್ಟೆಂಬರ್ ೧೯೯೪

ಅಬಿ,

ಪೊಟ್ಟಣ ಬಂತು. ತೇವಕ್ಕೆ ಹುಡಿ ಕಾಗದಕ್ಕೆ ಅಂಟಿಹೋಗಿತ್ತು. ಹೂವೂ ಮುಗಿದಿತ್ತು. ಆದರೂ ಕೋಳಿಗರಿಯಿಂದ ಕೆರೆದು, ಒಣಗಿದ ಕಡ್ಡಿಗೆ ಸವರಿದೆ. ತೆಂಗ್ಟನ್, “ಸತ್ತವರಿಗೆ ಊಟ ಹಾಕಿದ ಹಾಗಾಯ್ತು” ಎಂದ. ಈ ವರ್ಷ ಬೀಜ ಇಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಜುಲೈಯಲ್ಲಿ. ಕುಂಡ ಕೇಳಿದ್ದಕ್ಕೆ ಹೀಗೆಲ್ಲ ಬರೆದಿದ್ದಾಳಲ್ಲ, ಅಬಿಗೆ ತಲೆ ಸರಿಯಿದೆಯೋ ಇಲ್ಲವೋ ಎಂದು ಹೆದರಿಯೂ ಇದ್ದೆ. ಎರಡು ದಿನ ಬಿಟ್ಟು ಮತ್ತೆ ಓದಿದಾಗ, ನೀನು ಏನೆಂದುಕೊಂಡಿದ್ದೀಯ ಎಂದು ಹೊಳೆಯಿತು. ಅವತ್ತೇ ಬರೆದು ತಿಳಿಸಬಹುದಿತ್ತು. ‘ಅಯ್ಯೋ ಅಬಿ, ನಾನು ಕೇಳಿದ್ದು ಗಿಡ’ ಎಂದು ಒಂದು ಸಾಲು ಸಾಕಿತ್ತು. ಬರೆಯಲು ಕೂತೆ. ಅಳು ಬಂತು. ನಾನು ಕೇಳದೇ ಇದ್ದದ್ದಕ್ಕೆ ನೀನು ಇಲ್ಲ ಅಂದರೆ ನನಗೆ ಯಾಕೆ ಅಳು ಬರಬೇಕು? ಅದು ತಿಳಿಯದೆ ಎರಡು ತಿಂಗಳು ಸುಮ್ಮನಿದ್ದೆ.

ತುರಾದ ಡಾಕ್ಟರು ವಿಶೇಷವೇನೂ ಹೇಳಲಿಲ್ಲ ಎಂದು ಬರೆದಿದ್ದೆ, ಸುಳ್ಳು. ಮಗುವಿನ ಆಸೆ ಇನ್ನು ಇಟ್ಟುಕೊಳ್ಳಬೇಡಿ ಎಂದರು. ಬಸ್ಸಿನಲ್ಲಿ ಬರುವಾಗ ತೆಂಗ್ಟನ್ ದಾರಿಯುದ್ದಕ್ಕೂ ಗೋಡಂಬಿ ದರದ ಬಗ್ಗೆಯೇ ಮಾತಾಡಿದ. ಪಾಪ, ಅವನಿಗೆ ಬೇರೇನೂ ತೋಚಲಿಲ್ಲ.

ಮಾಮಾರನ್ನು ನಾನು ಕಳಿಸಿರಲಿಲ್ಲ. ಸೆಂಗ್ಮೆಯನ್ನು ಕೇಳಬೇಕೆಂದು ನಾನು ಯೋಚಿಸಿಯೂ ಇರಲಿಲ್ಲ ಎಂದು ಬರೆಯಬೇಕೆಂದಿದ್ದೆ. ಅದು ನಿಜವೋ ಅಲ್ಲವೋ ಈಗ ನನಗೇ ಗೊತ್ತಾಗುತ್ತಿಲ್ಲ.

ಸಿಲ್ಚಿ

•

ಶಿಲ್ಲಾಂಗ್
೧೬ ಅಕ್ಟೋಬರ್ ೧೯೯೪

ನೊನೊ,

ನಿನ್ನ ಕಾಗದ ತಲುಪಿತು. ಅಷ್ಟರಲ್ಲಿ ಇಲ್ಲೊಂದು ನಡೆಯಿತು. ಅದನ್ನೇ ಬರೆಯುತ್ತೇನೆ.

ಮಂಚದ ಕೆಳಗೆ ಗುಡಿಸುವಾಗ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಸೆಂಗ್ಮೆಯ ಎರಡು ಫ್ರಾಕು, ಚರ್ಚಿಗೆ ಹಾಕುವ ಬೂಟು, ಬಾಚಣಿಗೆ, ಹಾಡಿನ ಪುಸ್ತಕ. ಯಾಕೆ ಎಂದು ಕೇಳಿದೆ. ಮೇ ತಿಂಗಳಲ್ಲಿ ನಾನೂ ಅವಳಪ್ಪನೂ ಜಗಳವಾಡಿದ್ದನ್ನು ಗೋಡೆಯಾಚೆಯಿಂದ ಪೂರ್ತಿ ಕೇಳಿಸಿಕೊಂಡಿದ್ದಾಳೆ. ಅವತ್ತಿನಿಂದ ಪೆಟ್ಟಿಗೆ ತುಂಬಿ ಇಟ್ಟುಕೊಂಡಿದ್ದಾಳೆ.

ನಾನು ಅವಳನ್ನು ಮಡಿಲಿಗೆ ಎಳೆದುಕೊಂಡೆ. “ಹುಚ್ಚಿ, ನಿನ್ನನ್ನ ಯಾರೂ ಕಳಿಸಲ್ಲ. ಚಿಕ್ಕಮ್ಮ ಕೇಳಿದ್ದು ಗಿಡ. ನಾನು ತಪ್ಪು ತಿಳ್ಕೊಂಡಿದ್ದು” ಎಂದೆ. ಅವಳು ಸಮಾಧಾನ ಪಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಿ, “ಹಾಗಾದ್ರೆ ಚಿಕ್ಕಮ್ಮಂಗೆ ನಾನು ಬೇಡವಾಗಿತ್ತಾ?” ಎಂದಳು. ಆಮೇಲೆ ಅತ್ತಳು. ಬ್ರೆಂಡಾ ಬಂದು, “ನಿಂಗೆ ಗಿಡಕ್ಕಿರೋ ಬೆಲೆನೂ ಇಲ್ಲ ನೋಡು” ಎಂದು ರೇಗಿಸಿ ಏಟು ತಿಂದಳು.

ಯಾರಿಗೆ ಏನು ಹೇಳಿದರೆ ಸಮಾಧಾನವಾಗುತ್ತದೆ ಎಂಬುದು ಈ ವರ್ಷ ನನ್ನ ಕೈ ತಪ್ಪಿಹೋಗಿದೆ.

ಡಿಸೆಂಬರಿನಿಂದ ಫೆಬ್ರವರಿವರೆಗೆ ಇಲ್ಲಿ ಶಾಲೆಗೆ ಚಳಿಗಾಲದ ರಜೆ. ಹೊಲೆಂದ್ರೊ ಸೆಂಗ್ಮೆಯನ್ನು ಕರೆದುಕೊಂಡು ಬರುತ್ತಾನೆ. ಕುಂಡವೂ ಬರುತ್ತದೆ. ರಜೆಗೆ ಮಾತ್ರ. ಅವಳಿಗೆ ಹಸಿಮೆಣಸಿನಕಾಯಿ ಹೆಚ್ಚು ಹಾಕಬೇಡ, ತಿನ್ನುತ್ತೇನೆ ಎನ್ನುತ್ತಾಳೆ, ಆಮೇಲೆ ಹೊಟ್ಟೆನೋವು. ಸುಳ್ಳು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾಳೆ.

ಅಬಿ

•

ಬಾಗ್ಮಾರಾ
೨ ಫೆಬ್ರವರಿ ೧೯೯೫

ಅಬಿ,

ನಿನ್ನ ಮಗಳು ಕೆಮ್ಮುತ್ತಿಲ್ಲ. ಮೊದಲ ವಾರ ಗುವಾಹಟಿಯ ದಾರಿಯಲ್ಲಿ ಹತ್ತಿದ ಬಸ್ಸಿನ ವಾಂತಿಯಿಂದ ಸುಸ್ತಾಗಿದ್ದಳು. ಆಮೇಲೆ ಸಿಮ್ಸಾಂಗ್ ನದಿಯಿಂದ ಅವಳನ್ನು ಎಬ್ಬಿಸಿ ತರುವುದೇ ತೆಂಗ್ಟನ್‌ಗೆ ಕೆಲಸವಾಯಿತು. ಬಿದಿರ ಬುಟ್ಟಿ ಹಿಡಿದು ಸಣ್ಣಮೀನು ಹಿಡಿಯುವುದು ಕಲಿತಿದ್ದಾಳೆ. ಹಿಡಿದದ್ದರಲ್ಲಿ ಒಂದನ್ನು ಕದ್ದು ಅಮಾಳ ಗಿಡದ ಬುಟ್ಟಿಗೆ ಹಾಕುತ್ತಾಳೆ. ಹಾಕಿಲ್ಲ ಎಂದು ಕಿವಿ ಮುಟ್ಟಿಕೊಳ್ಳುತ್ತಾಳೆ.

ಪ್ರಯಾಣದಲ್ಲಿ ಕುಂಡದ ಬುಟ್ಟಿಗಳೆಲ್ಲ ಒಣಗಿದವು. ಸತ್ತಿತು ಎಂದುಕೊಂಡಿದ್ದೆ. ಮೊನ್ನೆ ನಡುವಿನಿಂದ ಹೊಸ ಎಲೆ ಬಿಟ್ಟಿದೆ. ಮಳೆ ಬರುವವರೆಗೆ ಏನೂ ಹೇಳುವ ಹಾಗಿಲ್ಲ.

ಕಣ್ಣಿನ ನೀರು ಕೇಳಿಕೊಂಡು ಬಂದ ಮುದುಕರೊಬ್ಬರಿಗೆ ಇವಳೇ ಬುಟ್ಟಿಯ ಮುಚ್ಚಳ ಬಿಡಿಸಿ ಎರಡು ಹನಿ ಬಿಟ್ಟಳು. ಅವರು, “ಯಾರ ಮನೆ ಹುಡುಗಿನಮ್ಮ ನೀನು?” ಎಂದು ಕೇಳಿದರು. ಇವಳು, “ಗೊತ್ತಿಲ್ಲಜ್ಜ, ಇನ್ನೂ ಮಾತಾಡ್ತಾ ಇದ್ದಾರೆ” ಎಂದಳು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ.

ಆದ್ದರಿಂದ ಅಬಿ, ಈ ಸಲ ಹೆಸರು ಹಿಡಿದು ಬರೆಯುತ್ತೇನೆ. ಎದುರು ಬಂದು ಕೂತು ಕೇಳಬೇಕು ಎಂದಿದ್ದೆ ನೀನು. ಈ ಕಾಗದ ತಲುಪಿದ ಮೇಲೆ, ಇಪ್ಪತ್ತರಂದು ಅವಳನ್ನು ಬಿಡಲು ನಾನೇ ಬರುತ್ತೇನೆ. ಬಂದು ಕೂತರೆ ನನಗೆ ಬಾಯಿ ಬರುವುದಿಲ್ಲವೆಂದು ಗೊತ್ತು, ಅದಕ್ಕೆ ಮೊದಲೇ ಇಲ್ಲಿ ಬರೆದಿಡುತ್ತಿದ್ದೇನೆ. ಸೆಂಗ್ಮೆಯನ್ನು ಈ ಮನೆಗೆ ಕೊಡುತ್ತೀಯಾ? ಇಲ್ಲ ಅಂದರೂ ನಾನು ನಿನ್ನ ಮನೆಯಲ್ಲಿ ಊಟ ಮಾಡಿಯೇ ಬರುತ್ತೇನೆ.

ಸಿಲ್ಚಿ

•

ಶಿಲ್ಲಾಂಗ್
೧೧ ಮಾರ್ಚ್ ೧೯೯೫

ನೊನೊ,

ನೀನು ಬಂದು ನಾಲ್ಕು ದಿನ ಇದ್ದೆ. ನಾವಿಬ್ಬರೂ ಅಮಾಳ ಬಗ್ಗೆ ಮಾತಾಡಿದೆವು, ಹಂದಿಗಳ ಬಗ್ಗೆ ಮಾತಾಡಿದೆವು, ಕಾಂಗ್ ಡ್ರಿಸಿಲ್ಲಾಳ ಬಟ್ಟೆಯ ಬಗ್ಗೆಯೂ ಮಾತಾಡಿದೆವು. ಅದೊಂದು ಮಾತನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸು ಹೊರಟಾಗ ನೀನು ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದೆ. ಮನೆಗೆ ಬಂದು ಎರಡು ಸಲ ಕಾಗದ ಬರೆದು ಹರಿದೆ. ಒಂದರಲ್ಲಿ ಇಲ್ಲ ಎಂದಿತ್ತು, ಇನ್ನೊಂದರಲ್ಲಿ ಆಗಲಿ ಎಂದಿತ್ತು. ಎರಡೂ ಸುಳ್ಳೆನಿಸಿದವು.

ಹೊಲೆಂದ್ರೊನನ್ನು ಕೇಳಿದೆ. ಈ ಸಲ ಅವನು ಕುಲದ ಮಾತು ಎತ್ತಲಿಲ್ಲ. “ಮೆಟ್ರಿಕ್ ಮುಗಿಯೋ ತನಕ ನನ್ನ ಹತ್ರ ಇರಲಿ. ಆಮೇಲೆ ಅವಳ ಕಾಲು, ಅವಳ ದಾರಿ” ಎಂದ. ಎಂದವನು ಗಿಟಾರ್ ತೆಗೆದುಕೊಂಡು ಜಗಲಿಗೆ ಹೋದ, ಬಾರಿಸಲಿಲ್ಲ.

ಇವತ್ತು ಬೆಳಿಗ್ಗೆ ಸೆಂಗ್ಮೆಗೆ ಜಡೆ ಹಾಕುತ್ತಿದ್ದೆ. ಶಾಲೆಗೆ ತಡವಾಗಿತ್ತು, ಒಂದು ಕೈಯಲ್ಲಿ ಅನ್ನ ತಿನ್ನುತ್ತಿದ್ದಳು. ತಿನ್ನುತ್ತಲೇ, “ಅಮಾ, ಮತ್ತೆ ಮನೆಗೆ ಯಾವಾಗ ಹೋಗೋದು?” ಎಂದಳು.

ನಮ್ಮದೇ ಅಡುಗೆಮನೆಯಲ್ಲಿ, ನನ್ನದೇ ಕಾಲ ಬಳಿ ಕೂತು ಕೇಳಿದಳು ಸಿಲ್ಚಿ. ಯಾವ ಮನೆ ಎಂದು ನಾನು ಕೇಳಲಿಲ್ಲ. ಜಡೆಯ ತುದಿಗೆ ರಿಬ್ಬನ್ ಕಟ್ಟಿದೆ.

“ಡಿಸೆಂಬರಿನಲ್ಲಿ” ಎಂದೆ.

ಅಬಿ